ಭಾಗವ್ವ ಕೆಂಪು ಗೀಟು ಎಳೆದ ಕ್ಯಾಸೆಟ್ಟುಗಳು

ಇಂಗ್ಲಿಷಿನ ಒಂದಕ್ಷರ ಗೊತ್ತಿಲ್ಲದ ಹೆಂಗಸೊಬ್ಬಳು ಬೊಂಬಾಯಿಯ ಅರ್ಧ ಊರಿಗೆ ಇಂಗ್ಲಿಷ್ ಹಾಡು ಪಾಸು ಮಾಡಿ ಕಳಿಸುತ್ತಿದ್ದಳು ಅಂದರೆ ನಂಬುತ್ತೀರಾ? ನಾನೂ ನಂಬುತ್ತಿರಲಿಲ್ಲ. ಕಣ್ಣಾರೆ ಕಂಡಿದ್ದೇನೆ, ಒಂದು ದಿನ ಎರಡು ದಿನ ಅಲ್ಲ, ಏಳು ವರ್ಷ. ಅವಳ ಹೆಸರು ಭಾಗವ್ವ, ಬಿಜಾಪುರದ ಕಡೆಯವಳು. ಗಂಡ ಅಣವೀರಪ್ಪ ಬಿಲ್ಡಿಂಗ್ ಕೆಲಸಕ್ಕೆ ಹೋಗುತ್ತಿದ್ದ, ಇವಳು ನಮ್ಮ ಯುನಿಟ್ಟಿನಲ್ಲಿ ಕಸ ಗುಡಿಸುತ್ತಿದ್ದಳು. ಜೋಗೇಶ್ವರಿ ಸ್ಟೇಷನ್ನಿಂದ ಹತ್ತು ನಿಮಿಷ ನಡೆದರೆ ಒಂದು ಕಡೆ ಬಿಸ್ಕತ್ತಿನ ತಗಡು ಡಬ್ಬ ಮಾಡುವವರು, ಇನ್ನೊಂದು ಕಡೆ ಛತ್ರಿ ಕಡ್ಡಿ ಮಾಡುವವರು, ಮಧ್ಯೆ ನಮ್ಮದು, ಕ್ಯಾಸೆಟ್ಟಿಗೆ ಹಾಡು ತುಂಬುವ ಕಾರ್ಖಾನೆ. ಹಾಡಿನ ಕಂಪನಿಯವರು ಒಂದು ಅಸಲಿ ಟೇಪು ಕೊಡುವರು, ನಾವು ಖಾಲಿ ಕ್ಯಾಸೆಟ್ಟುಗಳ ಮೇಲೆ ಅದರ ಸಾವಿರಗಟ್ಟಲೆ ನಕಲು ತೆಗೆದು ಕೊಡುವುದು.

ನಾನು ರಮಾಮಣಿ. ಮೈಸೂರಿನವಳು, ಮದುವೆಯಾಗಿ ಮಲಾಡಿಗೆ ಬಂದವಳು. ಯಜಮಾನರು ಜಯಸಿಂಹ, ಬ್ಯಾಂಕಿನಲ್ಲಿದ್ದರು. ಆ ಯುನಿಟ್ಟಿನ ಆಫೀಸಿನಲ್ಲಿ ಟೈಪಿಸ್ಟು, ಗುಮಾಸ್ತೆ, ಫೋನು ಎತ್ತುವವಳು, ಎಲ್ಲಾ ನಾನೇ. ಬಿ.ಎ. ಓದಿದ್ದೇನೆ, ಎಂಟು ವರ್ಷ ವೀಣೆ ಕಲಿತಿದ್ದೇನೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸರಿ, ಜಂಬಕ್ಕೇ ಅಂದುಕೊಳ್ಳಿ, ನನಗೇನು. ಅಷ್ಟೆಲ್ಲ ಕಲಿತ ನಾನು ಟೈಪ್ ಮೆಷಿನ್ ಕುಟ್ಟುತ್ತಾ ಬೆವರು ಒರೆಸಿಕೊಳ್ಳುತ್ತಿದ್ದರೆ, ಕಸ ಗುಡಿಸುವವಳು ಗಾಜಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಕುರ್ಚಿಯ ಮೇಲೆ ಕೂತಳು ನೋಡಿ, ಆವತ್ತು ನನ್ನ ಹೊಟ್ಟೆ ಉರಿದದ್ದು ಅಷ್ಟಿಷ್ಟಲ್ಲ.

ಅದು ಆದದ್ದು ಹೀಗೆ. ಎಂಬತ್ತನಾಲ್ಕರಲ್ಲಿ ಒಂದು ಬೆಳಗ್ಗೆ, ಮೆಷಿನ್ ನೋಡಿಕೊಳ್ಳುವ ಕೊರಗಣ್ಣ ಸ್ಪೀಕರಿನಲ್ಲಿ ಹಾಡು ಹಾಕಿ ಪರೀಕ್ಷೆ ಮಾಡುತ್ತಿದ್ದ. ಮೇಜಿನ ಕೆಳಗೆ ಪೊರಕೆ ಆಡಿಸುತ್ತಿದ್ದ ಭಾಗವ್ವ ತಲೆ ಎತ್ತಿ, "ಅಣ್ಣಾ, ಹಾಡಾಂವ ಕುಂಟಾಕತ್ತಾನ ನೋಡು" ಅಂದಳು. ಕೊರಗಣ್ಣ ಉಡುಪಿ ಕಡೆಯವನು, ಹದಿನೈದು ವರ್ಷದ ಅನುಭವ ಅವನಿಗೆ. "ಎಂತ ಕುಂಟುವುದು ಮಾರಾಯ್ತಿ, ಸರಿಯೇ ಉಂಟಲ್ಲ" ಅಂದ. ಅವಳು ಬಿಡಬೇಕಲ್ಲ! ನಾಲ್ಕು ಹೆಜ್ಜೆಗೊಂದು ಸಲ ಹಿಂದೆ ಬೀಳುತ್ತಾನೆ ಅಂತ ಕೈ ತಟ್ಟಿ ಲೆಕ್ಕ ತೋರಿಸಿದಳು. ಮೆಷಿನ್ ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ಬೆಲ್ಟು ಒಂದು ಕಡೆ ಸವೆದಿತ್ತು. ಅಷ್ಟರಲ್ಲಿ ಎರಡು ಸಾವಿರ ಕ್ಯಾಸೆಟ್ಟು ಹಾಗೇ ಕುಂಟಿಕೊಂಡು ಮಾರ್ಕೆಟ್ಟಿಗೆ ಹೋಗಿಯಾಗಿತ್ತು. ಯುನಿಟ್ಟಿನ ಮಾಲೀಕ ಸೇಠ್ ಆ ಸಂಜೆಯೇ ಅವಳ ಕೈಯಿಂದ ಪೊರಕೆ ಇಸಕೊಂಡ.

ಅವಳ ಹೊಸ ಕೆಲಸ ಇಷ್ಟೆ. ಪ್ರತಿ ಪೆಟ್ಟಿಗೆಯಿಂದ ಒಂದೊಂದು ಕ್ಯಾಸೆಟ್ಟು ತೆಗೆದು, ಮೊದಲಲ್ಲಿ ಒಂದಿಷ್ಟು, ನಡುವೆ ಒಂದಿಷ್ಟು, ಕೊನೆಯಲ್ಲಿ ಒಂದಿಷ್ಟು ಕೇಳುವುದು. ಸರಿಯಿದ್ದರೆ ಪಾಸು. ಕೆಟ್ಟಿದ್ದರೆ ಪೆಟ್ಟಿಗೆಯ ಮೇಲೆ ಕೆಂಪು ಸೀಮೆಸುಣ್ಣದ ಗೀಟು. ಕೆಂಪು ಗೀಟು ಬಿದ್ದದ್ದನ್ನು ಯಾರೂ ಮತ್ತೆ ಕೇಳುತ್ತಿರಲಿಲ್ಲ. ಕೊರಗಣ್ಣ ಅದನ್ನು ಕಾಂತದ ಮೆಷಿನ್ನಿಗೆ ಒಡ್ಡಿದರೆ ಮುಗಿಯಿತು, ನಿಮಿಷದೊಳಗೆ ಹಾಡೆಲ್ಲ ಒರೆಸಿಹೋಗಿ ಟೇಪು ಖಾಲಿ. ಅಣವೀರಪ್ಪ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ ಮೇಲಂತೂ ಅವರ ಮನೆ ನಡೆಯುತ್ತಿದ್ದದ್ದೇ ಆ ಕೆಲಸದಿಂದ. "ಈ ಕುರ್ಚಿ ಹೋದ್ರ ನನ್ನ ಮನಿ ಹೋತ್ರಿ ಅಕ್ಕಾರ" ಅಂತ ನನ್ನ ಹತ್ತಿರ ಎಷ್ಟೋ ಸಲ ಅಂದಿದ್ದಾಳೆ.

ಇನ್ನು ಅವಳ ಅಭಿಪ್ರಾಯಗಳು! ಅಯ್ಯೋ ಶಿವನೇ, ಕೇಳಿದರೆ ನೀವು ದಂಗಾಗುತ್ತೀರಿ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ಕೂತಾಗ, ಅವಳ ರೊಟ್ಟಿ ಶೇಂಗಾ ಹಿಂಡಿಯ ಜೊತೆ ನನಗೆ ಇದೂ ಬಡಿಸುತ್ತಿದ್ದಳು. ಹಾಡುವವರ ಹೆಸರು ಅವಳಿಗೆ ಗೊತ್ತಿಲ್ಲ, ತಾನೇ ಇಟ್ಟುಕೊಂಡಿದ್ದಳು. ನಡುನಡುವೆ ಹೀ ಅಂತ ಕೂಗುವವನೊಬ್ಬ 'ಚೂಟಿಸಿಕೊಂಡಾಂವ'. "ಯಾರೋ ಹಿಂದ ನಿಂತು ಚೂಟತಾರ್ರೀ ಅವಗ, ಇಲ್ಲಾಂದ್ರ ಯಾಕ ಹಂಗ ಚೀರ್ಯಾನು?" ಉಸಿರು ಬಿಟ್ಟು ಬಿಟ್ಟು ಹಾಡುವವಳು 'ದಮ್ಮಿನಾಕಿ'. "ಹಾಡ ಆಮ್ಯಾಲ ಹಾಡಲಿ, ಮೊದಲ ಆಕಿಗೊಂದು ಔಷಧ ಕುಡಸ್ರಿ." ನಾನು ಅನ್ನ ನೆತ್ತಿಗೇರಿಸಿಕೊಂಡು ಕೆಮ್ಮುತ್ತಿದ್ದೆ.

ಇಪ್ಪತ್ತು ಮೂವತ್ತು ವರ್ಷದ ಹಿಂದಿನ ಪಾಪ್ ಹಾಡು ಅಂದರೆ ಅವಳಿಗೆ ಗೌರವ. "ಇವು ಮನಿತನದ ಹಾಡ್ರೀ. ಬರತಾವ, ಕುಂದರತಾವ, ಸುಖದುಃಖ ಮಾತಾಡಿ ಎದ್ದು ಹೊಕ್ಕಾವ. ಈಗಿನವು ಬಾಗಲಾಗ ನಿಂತು ಒದರತಾವ." ಒಂದು ದಿನ ಹೊಸ ಹಾಡೊಂದರ ಡ್ರಮ್ಮು ಕೇಳಿ ಹೆಡ್‌ಫೋನ್ ತೆಗೆದಿಟ್ಟು ಹೊರಗೆ ಬಂದಳು. ಮುಖ ಬೆಳ್ಳಗಾಗಿತ್ತು. "ಅಕ್ಕಾರ, ಇದನ್ನ ಬಾರಿಸಾಂವ ಮನಷ್ಯಾ ಅಲ್ರೀ. ಒಂದ ಸಲಾನೂ ದಣಿಯವಲ್ಲ, ಒಂದ ಸಲಾನೂ ತಪ್ಪವಲ್ಲ." ನಾನು ನಕ್ಕುಬಿಟ್ಟೆ. ಕೊರಗಣ್ಣನನ್ನು ಕೇಳಿದರೆ, "ಹೌದು, ಈಗ ಡ್ರಮ್ಮಿಗೆ ಮೆಷಿನ್ ಬಂದಿದೆಯಂತೆ, ಜನ ಬೇಡವಂತೆ" ಅಂದ. ನನ್ನ ಎಂಟು ವರ್ಷದ ವೀಣೆಗೆ ಅದು ಗೊತ್ತಾಗಿರಲಿಲ್ಲ.

ನನಗೆ ಅವೆಲ್ಲ ಒಂದೇ ಗಲಾಟೆ. ಆದರೆ ನನಗೂ ಒಂದು ಅಭಿಪ್ರಾಯ ಇತ್ತು, ಹಾಳಾದ್ದು. ಈ ಹಾಡುಗಳಿಗೆ ಮುಗಿಸುವುದಕ್ಕೇ ಬರುವುದಿಲ್ಲ. ನಮ್ಮ ಸಂಗೀತ ಕಚೇರಿಯಾದರೆ ಕೊನೆಗೊಂದು ಮಂಗಳ ಹಾಡಬೇಕು. ಇವರೋ, ಒಂದೇ ಸಾಲನ್ನು ಇಪ್ಪತ್ತು ಸಲ ಹೇಳುತ್ತಾ, ದನಿ ಸಣ್ಣ ಮಾಡಿಕೊಂಡು ಮೆಲ್ಲಗೆ ಜಾರಿಕೊಳ್ಳುವುದು. ತೊಂಬತ್ತರಲ್ಲಿ ಒಂದು ದಿನ ಸೇಠ್ ಎದುರಿಗೇ ಅಂದುಬಿಟ್ಟೆ, "ಇವುಗಳ ಕೊನೆಯ ಅರ್ಧ ನಿಮಿಷ ಕತ್ತರಿಸಿ ಎಸೆದರೂ ಒಬ್ಬರಿಗೂ ಗೊತ್ತಾಗಲ್ಲ ಸೇಠ್‌ಜಿ" ಅಂತ. ಸೇಠ್ ನಗಲಿಲ್ಲ, ನನ್ನ ಮುಖವನ್ನೇ ನೋಡಿದ. ಮರುವಾರ ಖಾಲಿ ಕ್ಯಾಸೆಟ್ಟು ಮಾಡುವವರಿಗೆ ನನ್ನ ಕೈಯಲ್ಲೇ ಪತ್ರ ಟೈಪು ಮಾಡಿಸಿದ: ಇನ್ನು ಮೇಲೆ ನಮಗೆ ಕಳಿಸುವ ಖಾಲಿ ಕ್ಯಾಸೆಟ್ಟುಗಳಲ್ಲಿ ಟೇಪು ಅರ್ಧ ನಿಮಿಷದಷ್ಟು ಕಡಿಮೆ ತುಂಬಿ. ಹಾಡಿನ ಕಂಪನಿಗೆ ಮಾತ್ರ ಪೂರ್ತಿ ಟೇಪಿನ ಬಿಲ್ಲು. ಇದು ಮೋಸ ಅಂತ ನನಗೆ ಗೊತ್ತಾಯಿತು. ಆದರೂ ಟೈಪು ಮಾಡಿದೆ. ಕೊನೆಯ ಹಾಡಿನ ಬಾಲ ಕತ್ತರಿಸಿಹೋದರೂ ಹಾಡುಗಳು ಹೇಗೂ ಜಾರಿಕೊಂಡೇ ಮುಗಿಯುತ್ತಿದ್ದವು, ಯಾರೂ ಕೇಳಲಿಲ್ಲ. ಭಾಗವ್ವನಿಗೂ ಅದು ತಪ್ಪು ಅನ್ನಿಸಲಿಲ್ಲ.

ತೊಂಬತ್ತೊಂದರ ಮಳೆಗಾಲ ಮುಗಿಯುವ ಹೊತ್ತಿಗೆ ಸಾಂತಾಕ್ರೂಜಿನ ಒಂದು ಕಂಪನಿಯಿಂದ ದೊಡ್ಡ ಆರ್ಡರು ಬಂತು. ಮೂರು ಸಾವಿರ ಕ್ಯಾಸೆಟ್ಟು. ರ‍್ಯಾಪ್ ಅಂತೆ. ಆ ಹೆಸರನ್ನೇ ನಾವು ಕೇಳಿರಲಿಲ್ಲ. ನಕಲು ತೆಗೆದು ಪೆಟ್ಟಿಗೆ ಎಲ್ಲ ಭಾಗವ್ವನ ಕೋಣೆಗೆ ಹೋಯಿತು. ಮಧ್ಯಾಹ್ನ ಊಟಕ್ಕೆ ಏಳುವಾಗ ನೋಡುತ್ತೇನೆ, ಅಷ್ಟೂ ಪೆಟ್ಟಿಗೆಗೆ ಕೆಂಪು ಗೀಟು! ಕೊರಗಣ್ಣ ಕೊನೆಯ ಪೆಟ್ಟಿಗೆಯನ್ನು ಕಾಂತದ ಮೆಷಿನ್ನಿನಿಂದ ಇಳಿಸುತ್ತಿದ್ದ. ಮೂರು ಸಾವಿರವೂ ಖಾಲಿ.

ಸೇಠ್ ಬಂದವನು ಬಾಯಿ ತೆರೆದುಕೊಂಡು ನಿಂತ. ಆಮೇಲೆ ಶುರುವಾಯಿತು ನೋಡಿ ಅವನ ಕೂಗಾಟ, ಛತ್ರಿ ಕಾರ್ಖಾನೆಯವರೆಲ್ಲ ಬಾಗಿಲಿಗೆ ಬಂದರು. ಭಾಗವ್ವ ಒಂದಿಷ್ಟೂ ಹೆದರಲಿಲ್ಲ. ತಾನು ಮಾಡಿದ್ದು ಧರ್ಮ ಅನ್ನುವ ಹಾಗೆ ಸೆರಗು ಸರಿಮಾಡಿಕೊಂಡು ನನಗೆ ಹೇಳಿದಳು, ಸೇಠ್‌ಗೆ ಹಿಂದಿಯಲ್ಲಿ ಹೇಳು ಅಂತ. "ಅಕ್ಕಾರ, ಅದರಾಗ ಹಾಡ ಇಲ್ರೀ. ಹಿಂದ ವಾದ್ಯ ಒಂದ ಕಡೆ ಸಿಕ್ಕೊಂಡು ತಿರಗಾಕತ್ತೈತಿ, ಇಲಿ ಕಡದಂಗ ಕರಕರ ಅಂತೈತಿ. ಅದರ ಮ್ಯಾಲ ಯಾಂವೋ ಗಂಡಸು ಜಗಳಾ ಮಾಡಾಕತ್ತಾನ. ಮೈಕ್ ಬಂದ್ ಮಾಡೂದು ಮರತಾರ. ಪಾಪ, ಯಾರದೋ ಮನೀ ಜಗಳಾ ಊರ ತುಂಬ ಮಾರೂದೇನ್ರೀ? ಅದಕ್ಕ ಎಲ್ಲಾ ವರಸರಿ ಅಂದೆ."

ಅಲ್ಲಾ, ಹೇಗೆ ಅನುವಾದ ಮಾಡಲಿ ನಾನು ಇದನ್ನ? ಸೇಠ್ ಹಣೆ ಹಣೆ ಚಚ್ಚಿಕೊಂಡ. ಅವಳ ಕೈಗೆ ಮತ್ತೆ ಪೊರಕೆ ಕೊಟ್ಟು, ನನ್ನ ಕಡೆ ಬೆರಳು ಮಾಡಿ, "ನೀವು ಓದಿದವರು, ಇಂಗ್ಲಿಷ್ ಬರುತ್ತೆ, ನಾಳೆಯಿಂದ ನೀವು ಕೂತ್ಕೊಳ್ಳಿ" ಅಂದ. ಸತ್ಯ ಹೇಳುತ್ತೇನೆ, ಆ ಕ್ಷಣ ನನಗೆ ಅವಳ ಮೇಲೆ ಕನಿಕರ ಬರಲಿಲ್ಲ. ಖುಷಿಯಾಯಿತು.

ಆ ಖುಷಿ ಮರುದಿನ ಹನ್ನೊಂದು ಗಂಟೆಯವರೆಗೂ ಉಳಿಯಲಿಲ್ಲ. ಕೊರಗಣ್ಣ ಮತ್ತೆ ನಕಲು ತೆಗೆದ ಅದೇ ಕ್ಯಾಸೆಟ್ಟುಗಳು ನನ್ನ ಮುಂದೆ ಬಂದವು. ಹೆಡ್‌ಫೋನ್ ಹಾಕಿಕೊಂಡೆ. ಥೂ ಥೂ ಥೂ! ಅವಳಿಗೆ ಇಂಗ್ಲಿಷ್ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತಲ್ಲ, ಅದೇ ನನ್ನ ಕರ್ಮ. ಅಂಥ ಬೈಗುಳ ನಾನು ಹುಟ್ಟಿದಾರಭ್ಯ ಕೇಳಿರಲಿಲ್ಲ. ಅದೂ ಕಿವಿಯೊಳಗೇ, ಪಕ್ಕದಲ್ಲಿ ಕೂತು ಹೇಳಿದ ಹಾಗೆ. ಮುಖ ಕೆಂಪಾಗಿ ಕಿತ್ತು ಬಿಸಾಕಿದೆ. ಆದರೂ ಕೆಲಸ ಕೆಲಸವೇ, ಮತ್ತೆ ಹಾಕಿಕೊಂಡೆ. ಬೈಗುಳದ ನಡುವೆ ಬೇರೆ ಮಾತೂ ಇತ್ತು. ತನ್ನ ಬೀದಿ, ಅಲ್ಲಿ ಗುಂಡೇಟು, ತಮ್ಮನನ್ನು ಪೊಲೀಸರು ಹೊಡೆದು ಕೊಂದದ್ದು, ತಾಯಿ ಬಾಗಿಲಲ್ಲಿ ಕಾದದ್ದು.

ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಭಾಗವ್ವ ಕೇಳಿದಳು, "ಏನ್ ಹೇಳಾಕತ್ತಾನ್ರೀ ಅಂವಾ? ಹೇಣ್ತಿ ಜೋಡಿ ಜಗಳೇನ್ರೀ?" ಬೈಗುಳ ಬಿಟ್ಟು ಉಳಿದದ್ದು ಹೇಳಿದೆ. ತಮ್ಮ ಸತ್ತದ್ದನ್ನು ಹೇಳಿದೆ. ಅವಳ ಕೈಯಿಂದ ಪೊರಕೆ ಜಾರಿತು. "ಅಯ್ಯ ನಮ್ಮವ್ವಾ!" ಅಂತ ಎರಡೂ ಕೈ ಬಾಯಿಗೆ ಒತ್ತಿಕೊಂಡಳು. "ಜಗಳ ಅಲ್ರೀ ಅಕ್ಕಾರ. ಅಂವ ಅಳಾಕತ್ತಾನ!"

ಆಮೇಲೆ ಬಿಡಿಸಿ ಹೇಳಿದಳು. ಅವರ ಊರಲ್ಲಿ ಯಾರಾದರೂ ಸತ್ತರೆ ಹೆಂಗಸರು ಸುತ್ತ ಕೂತು ಹಾಡಾಡಿಕೊಂಡು ಅಳುತ್ತಾರಂತೆ. "ಅದಕ್ಕ ರಾಗ ಇರೂದಿಲ್ರೀ, ಬರೇ ಓಟ. ಅಂವ ಏನ್ ಉಣತಿದ್ದ, ಯಾರ್ ಮೋಸಾ ಮಾಡಿದ್ರು, ಯಾಂವ ಬಡದ, ಎಲ್ಲಾ ಹೇಳೂದು. ಸಿಟ್ಟ ಬಂದ್ರ ಬೈಗಳಾನೂ ಬರತಾವ, ಅದಕ್ಕ ಯಾರೂ ತಪ್ಪ ತಿಳಕೊಳ್ಳೂದಿಲ್ಲ. ಕುಂತು ಕೇಳಾವರು ನಡುವ ಎದ್ದು ಹೋಗಬಾರದು. ಕಡೀಕ ಸತ್ತವರ ಹೆಸರ ಹಿಡದು ಕರೀತಾರ. ಹೆಸರ ಕರದ ಮ್ಯಾಲನ ಮುಗೀತು." ಹೇಳುತ್ತಾ ಹೇಳುತ್ತಾ ಅವಳಿಗೆ ನೆನಪಾಯಿತು. "ಮೂರ ಸಾವಿರ ಅಕ್ಕಾರ! ಮೂರ ಸಾವಿರ ಸರ್ತೆ ಅವನ ದುಃಖ ವರಸಿಬಿಟ್ನೆಲ್ರೀ!" ಅಂತ ನೆಲದ ಮೇಲೆ ಕೂತುಬಿಟ್ಟಳು. ಎಲ್ಲೋ ಅಮೆರಿಕದ ಒಬ್ಬ ಗಂಡಸಿಗಾಗಿ ಜೋಗೇಶ್ವರಿಯ ಯುನಿಟ್ಟಿನಲ್ಲಿ ಅವಳು ಮೂಗು ಒರೆಸಿಕೊಂಡು ಅಳುತ್ತಿದ್ದರೆ ನಾನು ಏನು ಮಾಡಬೇಕೋ ತಿಳಿಯದೆ ಫ್ಯಾನು ಜೋರು ಮಾಡಿದೆ.

ನಾನು ಆ ಕುರ್ಚಿಗೆ ಲಾಯಕ್ಕಾಗಲಿಲ್ಲ. ಮುಚ್ಚಿಡುವುದೇನಿದೆ? ಆ ಬೈಗುಳ ಕೇಳಲಾರದೆ ಹೆಡ್‌ಫೋನನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡು, ಹೊರಗಿನವರಿಗೆ ಕಾಣುವ ಹಾಗೆ ತಲೆ ಆಡಿಸುತ್ತಾ ಪಾಸು ಪಾಸು ಅಂತ ಬಿಡುತ್ತಿದ್ದೆ. ತಿಂಗಳೊಳಗೆ ಎಂಟುನೂರು ಕ್ಯಾಸೆಟ್ಟು ವಾಪಸು ಬಂತು. ಒಂದು ಮಗ್ಗುಲಲ್ಲಿ ಹಾಡುವವನ ದನಿಯೇ ಇರಲಿಲ್ಲ, ಬರೀ ವಾದ್ಯ. ಸೇಠ್ ನನ್ನನ್ನು ಟೈಪ್ ಮೆಷಿನ್ನಿಗೆ ಅಟ್ಟಿ ಭಾಗವ್ವನನ್ನು ಮತ್ತೆ ಕರೆದ. ಆದರೆ ಎಲ್ಲರೆದುರಿಗೂ ಹೇಳಿಯೇ ಕೂರಿಸಿದ: ಇನ್ನೊಂದು ಸಲ ಇಡೀ ಆರ್ಡರಿಗೆ ಕೆಂಪು ಗೀಟು ಎಳೆದರೆ ಪೊರಕೆಯೂ ಇಲ್ಲ, ಸೀದಾ ಗೇಟಿನ ಹೊರಗೆ. ಭಾಗವ್ವ ಎರಡೂ ಕೈ ಮುಗಿದು ಕೂತಳು. ಅವತ್ತು ಸಂಜೆ ಅಣವೀರಪ್ಪನ ನೋವಿನ ಎಣ್ಣೆ ತಗೊಳ್ಳಲು ನನ್ನ ಜೊತೆ ಸ್ಟೇಷನ್ನಿನವರೆಗೂ ಬಂದಳು, ದಾರಿಯುದ್ದಕ್ಕೂ ಮಾತೇ ಮಾತು.

ಡಿಸೆಂಬರಿನಲ್ಲಿ ಅದೇ ಸಾಂತಾಕ್ರೂಜಿನ ಕಂಪನಿ ಅದೇ ಗಾಯಕನ ಇನ್ನೊಂದು ಟೇಪು ಕಳಿಸಿತು. ಹಾಡಿನ ಮಾತುಗಳನ್ನು ಡಬ್ಬಿಯ ಒಳಗಿನ ಕಾಗದಕ್ಕೆ ಅಚ್ಚು ಹಾಕಬೇಕು ಅಂತ ಹಾಳೆಯೂ ಬಂದಿತ್ತು, ನಾನೇ ಟೈಪು ಮಾಡಿದೆ. ಕೊನೆಯ ಹಾಡಿನಲ್ಲಿ ಅವನು ತನ್ನ ಬೀದಿಯಲ್ಲಿ ಸತ್ತ ಒಂಬತ್ತು ಜನರ ಕಥೆ ಹೇಳಿ, ವಾದ್ಯ ನಿಲ್ಲಿಸಿ, ಬರೀ ಬಾಯಲ್ಲಿ ಒಬ್ಬೊಬ್ಬರ ಹೆಸರು ಹೇಳುತ್ತಾನೆ. ಅಷ್ಟಕ್ಕೆ ಮುಗಿಯುತ್ತದೆ. ಕೊನೆಯ ಅರ್ಧ ನಿಮಿಷ ಅದೇ. ಟೈಪು ಮಾಡುವಾಗಲೇ ನನಗೆ ಹೊಳೆಯಿತು. ನಮ್ಮ ಟೇಪಿನಲ್ಲಿ ಆ ಅರ್ಧ ನಿಮಿಷ ಇಲ್ಲವಲ್ಲ! ಸೇಠ್‌ಗೆ ಹೋಗಿ ಹೇಳಿದೆ. "ಈ ಬಡಬಡಿಕೆಯಲ್ಲಿ ಹೆಸರು ಯಾರು ಹುಡುಕುತ್ತಾರೆ, ಸುಮ್ಮನಿರಿ" ಅಂದ. ಸುಮ್ಮನಾದೆ.

ನಕಲು ಕೋಣೆಗೆ ಬಂದ ದಿನ ಭಾಗವ್ವ ಎಂದಿನಂತೆ ಮೂರು ಕಡೆ ಮಾತ್ರ ಕೇಳಿ ಬಿಡಲಿಲ್ಲ. ಅಳುವವನ ಮುಂದಿಂದ ನಡುವೆ ಏಳಬಾರದು ಅಂತ ಮೊದಲಿಂದ ಕೊನೆಯವರೆಗೂ, ಪೆಟ್ಟಿಗೆಗೊಂದರಂತೆ, ತಲೆ ಮೇಲೆ ಸೆರಗು ಹೊದ್ದು ಕೇಳಿದಳು. ಕೆಲಸ ನಿಂತೇಹೋಯಿತು. ಸಂಜೆ ನಾಲ್ಕಕ್ಕೆ ಕಂಪನಿಯ ಮನುಷ್ಯ ಟೆಂಪೊ ತಗೊಂಡು ಬಂದು ನಿಂತ. ಸೇಠ್ ಗಾಜಿನ ಬಾಗಿಲು ದೂಡಿದ. ನಾವೂ ಹಿಂದೆಯೇ ಹೋದೆವು. ಎಲ್ಲಾ ಪೆಟ್ಟಿಗೆಗೂ ಕೆಂಪು ಗೀಟು. ಒಂದನ್ನೂ ಬಿಟ್ಟಿರಲಿಲ್ಲ.

ಅವಳಿಗೆ ಗೊತ್ತಿತ್ತು, ಚೆನ್ನಾಗಿ ಗೊತ್ತಿತ್ತು, ಆ ಗೀಟಿನ ಬೆಲೆ ಏನು ಅಂತ. ಸೀಮೆಸುಣ್ಣ ಕೆಳಗಿಟ್ಟಳು. "ಮುಗದಿಲ್ರೀ ಅಕ್ಕಾರ. ವಾದ್ಯ ನಿಂತ್ವು, ಅಂವ ಉಸರ ಎಳಕೊಂಡ, ಅಲ್ಲಿಗೇ ಕಡದೈತಿ. ಉಸರ ಎಳಕೊಂಡಾಂವ ಹೆಸರ ಹೇಳಾಂವ ಇದ್ದ. ಎಲ್ಲಾದ್ರಾಗೂ ಅಲ್ಲೇ ಕಡದೈತಿ" ಅಂದಳು.

ಒಂದು ಅಕ್ಷರ ತಿಳಿಯದ ಭಾಷೆಯಲ್ಲಿ, ಒಂದು ಉಸಿರಿನಿಂದ ಕಂಡುಹಿಡಿದಿದ್ದಳು! ಕಂಪನಿಯ ಮನುಷ್ಯ ಹುಬ್ಬು ಗಂಟಿಕ್ಕಿ, ಏನು ಹೇಳುತ್ತಿದ್ದಾಳೆ ಇವಳು ಅಂತ ಹಿಂದಿಯಲ್ಲಿ ಕೇಳಿದ. ಸೇಠ್ ಅವನಿಗೆ ಉತ್ತರ ಕೊಡಲಿಲ್ಲ. ನನ್ನ ಕಡೆ ತಿರುಗಿ, ನಗುಮುಖದಲ್ಲೇ, "ನಮ್ಮ ಮೇಡಂ ಬಿ.ಎ. ಓದಿದವರು, ಹಾಡು ಟೈಪು ಮಾಡಿದವರೂ ಇವರೇ. ಹೇಳಿ ಮೇಡಂ, ಹಾಡು ಪೂರ್ತಿ ಇದೆಯೋ ಇಲ್ಲವೋ?" ಅಂದ. ಹೆಡ್‌ಫೋನ್ ನನ್ನ ಕೈಗೆ ಕೊಟ್ಟ. ಹಾಕಿಕೊಂಡೆ. ಅವನು ಉಸಿರು ಎಳೆದುಕೊಂಡ. ಟಕ್ ಅಂತ ನಿಂತಿತು.

"ಪೂರ್ತಿ ಇದೆ" ಅಂದೆ.

ಆ ಪತ್ರ ಟೈಪು ಮಾಡಿದ್ದು ನಾನು. ಆ ಬುದ್ಧಿ ಹೇಳಿಕೊಟ್ಟದ್ದೂ ನಾನು. ಹೊರಗೆ ಬಂದರೆ ನನ್ನ ಹೆಸರೂ ಬರುತ್ತದೆ ಅನ್ನುವ ಹೆದರಿಕೆ, ಇನ್ನೇನೂ ಅಲ್ಲ. ನಾನು ಹೇಳಿದ್ದು ಹಿಂದಿಯಲ್ಲಿ, ಭಾಗವ್ವನಿಗೆ ಅಷ್ಟಾದರೂ ಬರುತ್ತಿತ್ತು. ಅವಳು ನನ್ನನ್ನೇ ನೋಡಿದಳು, ಸಿಟ್ಟಿನಿಂದ ಅಲ್ಲ, ನಂಬಿಕೆಯಿಂದ. ಬಲ್ಲವರು ಹೇಳಿದರೆ ನಿಜವೇ ಇರಬೇಕು ಅನ್ನುವ ಹಾಗೆ. ಕುರ್ಚಿಯಿಂದ ಎದ್ದು, "ಹಂಗಾದ್ರ ನನ್ನ ಕಿವೀನ ಕೆಟ್ಟಾವ ಬಿಡ್ರಿ" ಅಂದಳು. ಆಮೇಲೆ ಹತ್ತಿರ ಬಂದು ಮೆಲ್ಲಗೆ ಕೇಳಿದಳು, "ಹೆಸರ ಏನಂತ್ರಿ ಅಕ್ಕಾರ? ನನಗ ಕೇಳಸಲಿಲ್ಲ. ನೀವರ ಹೇಳ್ರಿ."

ಸೇಠ್‌ಗೂ ಆ ಕಂಪನಿಯವನಿಗೂ ಕನ್ನಡ ಬರುವುದಿಲ್ಲ. ಮೆಲ್ಲಗೆ ಹೇಳಿದ್ದರೆ ಅವಳ ಕಿವಿಗೆ ಬಿಟ್ಟು ಯಾರಿಗೂ ತಿಳಿಯುತ್ತಿರಲಿಲ್ಲ. ಒಂಬತ್ತು ಹೆಸರೂ ನನಗೆ ಬಾಯಿಪಾಠ, ಟೈಪು ಮಾಡಿದವಳು ನಾನೇ ಅಲ್ಲವೇ. ನಾನು ಸೇಠ್ ಮುಖ ನೋಡಿದೆ. ಅವನು ಗೇಟಿನ ಕಡೆ ಕೈ ತೋರಿಸುತ್ತಿದ್ದ. ಭಾಗವ್ವ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದಳು, ನನ್ನ ಬಾಯಿಯನ್ನೇ ನೋಡುತ್ತಾ. ಆಮೇಲೆ ಚಪ್ಪಲಿ ಹಾಕಿಕೊಂಡು ಹೋದಳು. ನಾನು ಅವಳಿಗೆ ಒಂದು ಹೆಸರನ್ನೂ ಹೇಳಲಿಲ್ಲ. ಮರುದಿನ ಬೆಳಗ್ಗೆ ಆ ಕುರ್ಚಿಯಲ್ಲಿ ನಾನೇ ಕೂತೆ.